ತಿಂಗಳು ತುಂಬದ ಕಂದನಿಗೆ ಹಾಲು

ಹಸಿದವರಿಗೆ ಅನ್ನ ಕೊಡುವುದು ದಯಾಕಾರ್ಯಗಳಲ್ಲಿ ಮೊದಲನೆಯದು ಎಂದು ನಾವೆಲ್ಲರೂ ಧರ್ಮೋಪದೇಶದ ತರಗತಿಯಲ್ಲಿಯೇ ಕಲಿತಿದ್ದೇವೆ. ಹಸಿದವರು ಎಂದ ಕೂಡಲೇ ನಮ್ಮ ಕಣ್ಣ ಮುಂದೆ ಬರುವವರು ಬಾಗಿಲಿಗೆ ಬಂದ ಭಿಕ್ಷುಕರು, ಬರಗಾಲಕ್ಕೆ ಸಿಕ್ಕಿದ ಊರಿನವರು. ಆದರೆ ಎಲ್ಲರಿಗಿಂತ ಚಿಕ್ಕವನಾದ ಹಸಿದವನೊಬ್ಬನಿದ್ದಾನೆ. ಅವನಿಗೆ ಕೈ ಚಾಚಲು ಬಾರದು. ಜೋರಾಗಿ ಅಳಲೂ ಶಕ್ತಿಯಿಲ್ಲ. ಎದೆಗೆ ಹಿಡಿದರೆ ಚೀಪಲೂ ತಿಳಿಯದು. ತಿಂಗಳು ತುಂಬುವ ಮೊದಲೇ ಹುಟ್ಟಿದ ಮಗುವೇ ಆ ಹಸಿದವನು. ಅವನ ಹಸಿವೆಯನ್ನು ನಾವೇ ಲೆಕ್ಕ ಹಾಕಿ ತಿಳಿಯಬೇಕು, ತೊಟ್ಟು ತೊಟ್ಟಾಗಿ ತಣಿಸಬೇಕು.

ಇಂಥ ಮಗು ಹುಟ್ಟಿದ ಮನೆಯಲ್ಲಿ ಮಾತುಗಳಿಗೆ ಕೊರತೆಯಿಲ್ಲ. ಜೇನು ನೆಕ್ಕಿಸಿ ಎನ್ನುವವರು ಒಬ್ಬರು. ಡಬ್ಬಿ ಹಾಲು ಹಾಕಿ, ಬೇಗ ದಪ್ಪವಾಗುತ್ತದೆ ಎನ್ನುವವರು ಇನ್ನೊಬ್ಬರು. ಇವಳಿಗೆ ಹಾಲೇ ಇಲ್ಲ ಎಂದು ಬಾಣಂತಿಯ ಮುಂದೆಯೇ ಹೇಳುವವರು ಮತ್ತೊಬ್ಬರು. ಹೇಳುವವರಿಗೆ ಕೆಟ್ಟ ಮನಸ್ಸಿಲ್ಲ, ತಿಳಿವಳಿಕೆ ಸಾಲದು ಅಷ್ಟೇ. ಆದರೆ ಒಂದು ಕಿಲೋ ತೂಗುವ ಮಗುವಿನ ವಿಷಯದಲ್ಲಿ ತಿಳಿವಳಿಕೆ ಸಾಲದಿರುವುದೇ ಜೀವಕ್ಕೆ ಅಪಾಯ. ಆದ್ದರಿಂದ ಈ ವಾರ ಪ್ರತಿ ಕುಟುಂಬವೂ ತಿಳಿದಿರಬೇಕಾದ ಕೆಲವು ಸಂಗತಿಗಳನ್ನು ಕ್ರಮವಾಗಿ ನೋಡೋಣ. ಇದು ವೈದ್ಯರ ಚೀಟಿಯಲ್ಲ. ವೈದ್ಯರು ಹೇಳುವುದನ್ನು ಮನೆಯವರು ಅರ್ಥಮಾಡಿಕೊಂಡು ನಡೆಯಲು ನೆರವಾಗುವ ಪಾಠ.

ಯಾವ ಮಗು ದಿನ ತುಂಬದ್ದು?

ಗರ್ಭದ ಪೂರ್ಣ ಅವಧಿ 40 ವಾರ. 37 ವಾರ ತುಂಬುವ ಮೊದಲೇ ಹುಟ್ಟಿದ ಮಗುವನ್ನು ವೈದ್ಯರು ಅವಧಿಪೂರ್ವ ಶಿಶು ಎನ್ನುತ್ತಾರೆ. 32ರಿಂದ 37 ವಾರಗಳ ನಡುವೆ ಹುಟ್ಟಿದವರೇ ಇವರಲ್ಲಿ ಹೆಚ್ಚು. 28ರಿಂದ 32ರ ನಡುವಿನವರು ಹೆಚ್ಚು ನಾಜೂಕು. 28 ವಾರಕ್ಕೂ ಮೊದಲೇ ಬಂದವರು ಅತ್ಯಂತ ನಾಜೂಕು. ತೂಕದ ಲೆಕ್ಕ ಬೇರೆ. ಎರಡೂವರೆ ಕಿಲೋಗಿಂತ ಕಡಿಮೆ ಇದ್ದರೆ ಕಡಿಮೆ ತೂಕದ ಮಗು. ಒಂದೂವರೆ ಕಿಲೋಗಿಂತ ಕಡಿಮೆ ಇದ್ದರೆ ತೀರ ಕಡಿಮೆ ತೂಕದ ಮಗು.

ಇದು ಎಲ್ಲೋ ಒಬ್ಬಿಬ್ಬರಿಗೆ ಬರುವ ಕಷ್ಟವಲ್ಲ. 2020ನೆಯ ಇಸವಿಯಲ್ಲಿ ಜಗತ್ತಿನಲ್ಲಿ ಸುಮಾರು 1 ಕೋಟಿ 34 ಲಕ್ಷ ಮಕ್ಕಳು, ಅಂದರೆ ಹತ್ತರಲ್ಲಿ ಒಬ್ಬರು, ಹೀಗೆ ಹುಟ್ಟಿದರೆಂದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅದರ ಜೊತೆಗಾರ ತಜ್ಞರು ಅಂದಾಜು ಮಾಡಿದ್ದಾರೆ. ಅವರಲ್ಲಿ ಸುಮಾರು 30 ಲಕ್ಷ ಮಕ್ಕಳು ಭಾರತದವರು. ಇಷ್ಟು ದೊಡ್ಡ ಸಂಖ್ಯೆ ಬೇರಾವ ದೇಶದಲ್ಲೂ ಇಲ್ಲ. ನಮ್ಮ ಒಂದೊಂದು ಧರ್ಮಕೇಂದ್ರದಲ್ಲೂ ಇಂಥ ಮನೆಗಳು ಇದ್ದೇ ಇವೆ.

ಉಗ್ರಾಣ ತುಂಬುವ ಮೊದಲೇ

ಗರ್ಭದಲ್ಲಿನ ಕೊನೆಯ ಮೂರು ತಿಂಗಳು ಮಗುವಿಗೆ ಸುಗ್ಗಿಯ ಕಾಲ. ಮುಂದಿನ ದಿನಗಳಿಗೆ ಬೇಕಾದ ಕೊಬ್ಬು, ಕಬ್ಬಿಣ, ಕ್ಯಾಲ್ಸಿಯಂ, ರಂಜಕ ಇವುಗಳ ಹೆಚ್ಚಿನ ಪಾಲನ್ನು ಮಗು ತಾಯಿಯಿಂದ ಪಡೆದು ಕೂಡಿಡುವುದು ಆಗಲೇ. ರೈತನ ಮನೆಯಲ್ಲಿ ಕಣಜ ತುಂಬುವ ಮೊದಲೇ ಮಳೆಗಾಲ ಹಿಡಿದರೆ ಹೇಗೋ, ದಿನ ತುಂಬದೆ ಹುಟ್ಟಿದ ಮಗುವಿನ ಪಾಡೂ ಹಾಗೆಯೇ. ತುಂಬು ದಿನದ ಮಗುವಿಗೆ ಕೆಲವು ದಿನ ಹಾಲು ಕಡಿಮೆಯಾದರೂ ಮೈಯಲ್ಲಿ ದಾಸ್ತಾನಿರುತ್ತದೆ. ಒಂದು ಕಿಲೋ ತೂಕದ ಮಗುವಿನ ಮೈಯಲ್ಲಿ ಕೊಬ್ಬೆಂಬುದೇ ಇಲ್ಲವೆನ್ನುವಷ್ಟು ಕಡಿಮೆ. ಹೊರಗಿನಿಂದ ಏನೂ ಸಿಗದಿದ್ದರೆ ಅದರ ದಾಸ್ತಾನು ನಾಲ್ಕೈದು ದಿನಕ್ಕೇ ಮುಗಿದುಹೋಗುತ್ತದೆ.

ಇದರ ಜೊತೆಗೆ ಇನ್ನೂ ಎರಡು ತೊಂದರೆಗಳು. ಒಂದು, ಚೀಪುವುದು, ನುಂಗುವುದು, ಉಸಿರಾಡುವುದು ಈ ಮೂರನ್ನೂ ಹೊಂದಿಸಿಕೊಂಡು ಮಾಡುವ ಶಕ್ತಿ ಮಗುವಿಗೆ ಬರುವುದು ಸುಮಾರು 32ರಿಂದ 34 ವಾರಗಳ ಹೊತ್ತಿಗೆ. ಅದಕ್ಕೂ ಮೊದಲು ಬಾಯಿಗೆ ಹಾಲು ಸುರಿದರೆ ಅದು ಶ್ವಾಸಕೋಶಕ್ಕೆ ಹೋಗಬಹುದು. ಎರಡು, ಕರುಳು ಇನ್ನೂ ಎಳೆಯದು. ಒಮ್ಮೆಗೇ ಹೆಚ್ಚು ಕೊಟ್ಟರೆ, ಒಗ್ಗದ್ದನ್ನು ಕೊಟ್ಟರೆ ತಡೆದುಕೊಳ್ಳಲಾರದು. ಹೆಚ್ಚು ಬೇಕು, ಆದರೆ ಹೆಚ್ಚು ತೆಗೆದುಕೊಳ್ಳಲಾಗದು. ಈ ಮಕ್ಕಳ ಪೋಷಣೆಯ ಕಷ್ಟವೆಲ್ಲ ಇರುವುದು ಇಲ್ಲಿಯೇ.

ಆದ್ದರಿಂದಲೇ ಅತಿ ಚಿಕ್ಕ ಮಕ್ಕಳಿಗೆ ಮೊದಲ ದಿನಗಳಲ್ಲಿ ಗ್ಲೂಕೋಸ್, ಪ್ರೋಟೀನು ಮತ್ತು ಕೊಬ್ಬಿನ ಅಂಶಗಳನ್ನು ರಕ್ತನಾಳದ ಮೂಲಕವೇ ಕೊಡುತ್ತಾರೆ. ಜೊತೆಜೊತೆಗೇ ಮೂಗಿನ ಅಥವಾ ಬಾಯಿಯ ಮೂಲಕ ಹೊಟ್ಟೆಗೆ ಇಳಿಸಿದ ತೆಳ್ಳನೆಯ ಟ್ಯೂಬಿನಲ್ಲಿ ತಾಯಿಯ ಹಾಲನ್ನು ಒಂದೆರಡು ಮಿ.ಲೀ.ಯಷ್ಟೇ ಹಾಕಲು ತೊಡಗುತ್ತಾರೆ. ಇಷ್ಟರಿಂದ ಹೊಟ್ಟೆ ತುಂಬುವುದೇ ಎಂದು ಅಜ್ಜಿಯರು ಕೇಳುತ್ತಾರೆ. ತುಂಬುವುದಿಲ್ಲ. ಅದು ಹೊಟ್ಟೆ ತುಂಬಿಸಲು ಕೊಡುವುದಲ್ಲ, ಕರುಳಿಗೆ ಕೆಲಸ ಕಲಿಸಲು ಕೊಡುವುದು. ಮಗು ತಾಳಿಕೊಂಡಂತೆ ದಿನದಿಂದ ದಿನಕ್ಕೆ ಅಳತೆ ಏರುತ್ತದೆ.

ಮೊದಲ ಹಳದಿ ಹಾಲು

ಹೆರಿಗೆಯಾದ ಮೊದಲ ಎರಡು ಮೂರು ದಿನ ಬರುವ ಮಂದವಾದ ಹಳದಿ ಹಾಲನ್ನು ಕೆಟ್ಟ ಹಾಲೆಂದು ಹಿಂಡಿ ಚೆಲ್ಲುವ ವಾಡಿಕೆ ಕೆಲವು ಕಡೆ ಇನ್ನೂ ಇದೆ. ಇದಕ್ಕಿಂತ ದೊಡ್ಡ ನಷ್ಟ ಬೇರೆ ಇಲ್ಲ. ರೋಗಗಳನ್ನು ತಡೆಯುವ ಅಂಶಗಳು ಅದರಲ್ಲಿ ತುಂಬಿರುತ್ತವೆ. ಪ್ರಮಾಣ ಸ್ವಲ್ಪವೇ ಇರುವುದು ಸಹಜ. ಒಂದು ಚಮಚೆಗೂ ಕಡಿಮೆ ಬಂದಿತೆಂದು ತಾಯಿ ನಾಚಬೇಕಾಗಿಲ್ಲ. ಆ ಮಗುವಿಗೆ ಆ ಹೊತ್ತಿಗೆ ಬೇಕಾದದ್ದೂ ಅಷ್ಟೇ.

ದಿನ ತುಂಬದ ಮಕ್ಕಳಿಗೆ ಬರುವ ಒಂದು ಭಯಂಕರ ಕಾಯಿಲೆಯಿದೆ. ಕರುಳಿನ ಒಳಪದರ ಊದಿಕೊಂಡು ಭಾಗಭಾಗವಾಗಿ ಸತ್ತುಹೋಗುತ್ತದೆ. ಹೊಟ್ಟೆ ಉಬ್ಬುತ್ತದೆ, ಮಲದಲ್ಲಿ ರಕ್ತ ಬರುತ್ತದೆ. ಕೆಲವರಿಗೆ ಶಸ್ತ್ರಚಿಕಿತ್ಸೆಯೇ ಬೇಕಾಗುತ್ತದೆ, ಕೆಲವರು ಉಳಿಯುವುದಿಲ್ಲ. ಇಂಗ್ಲೆಂಡಿನಲ್ಲಿ 926 ದಿನ ತುಂಬದ ಶಿಶುಗಳನ್ನು ಪರಿಶೀಲಿಸಿದ ಲೂಕಸ್ ಮತ್ತು ಕೋಲ್ ಎಂಬ ವಿಜ್ಞಾನಿಗಳು 1990ರಲ್ಲಿ ತಮ್ಮ ಫಲಿತಾಂಶವನ್ನು ಪ್ರಕಟಿಸಿದರು. ತಾಯಿಹಾಲನ್ನಷ್ಟೇ ಪಡೆದ ಮಕ್ಕಳಿಗೆ ಹೋಲಿಸಿದರೆ ಡಬ್ಬಿ ಹಾಲನ್ನಷ್ಟೇ ಪಡೆದ ಮಕ್ಕಳಲ್ಲಿ ಈ ಕಾಯಿಲೆ 6ರಿಂದ 10 ಪಟ್ಟು ಹೆಚ್ಚಾಗಿ ಕಂಡುಬಂದಿತು. ಎರಡನ್ನೂ ಬೆರೆಸಿ ಪಡೆದವರು ಇವರಿಬ್ಬರ ನಡುವೆ ಇದ್ದರು. ಅಂದರೆ ಪೂರ್ತಿ ಕೊಡಲಾಗದ ತಾಯಿ ಸ್ವಲ್ಪ ಕೊಟ್ಟರೂ ಅದು ವ್ಯರ್ಥವಲ್ಲ. ತಾಯಿಯ ಹಾಲು ಈ ಮಕ್ಕಳಿಗೆ ಆಹಾರವೂ ಹೌದು, ಔಷಧವೂ ಹೌದು.

ಅಗತ್ಯ ಬೇರೆ, ಸಾಕಷ್ಟು ಬೇರೆ

ತರ್ಕಶಾಸ್ತ್ರದಲ್ಲಿ ಒಂದು ಮಾತಿದೆ: ಒಂದು ವಸ್ತು ಅಗತ್ಯವಾಗಿರುವುದು ಬೇರೆ, ಅದೊಂದೇ ಸಾಕಾಗುವುದು ಬೇರೆ. ಬೀಜವಿಲ್ಲದೆ ಬೆಳೆಯಿಲ್ಲ, ಆದರೆ ಬೀಜವೊಂದರಿಂದಲೇ ಬೆಳೆ ಬಾರದು. ಈ ಭೇದವನ್ನು ಮರೆತಾಗ ಎರಡು ಬಗೆಯ ತಪ್ಪುಗಳು ಹುಟ್ಟುತ್ತವೆ. ತಾಯಿಹಾಲು ಸಾಲದಂತೆ ಎಂದು ಅದನ್ನೇ ಬಿಡಿಸಿ ಡಬ್ಬಿ ಹಾಲಿಗೆ ಹೋಗುವುದು ಒಂದು. ತಾಯಿಹಾಲೇ ಅಮೃತವೆಂದ ಮೇಲೆ ವೈದ್ಯರು ಅದಕ್ಕೆ ಪುಡಿ ಯಾಕೆ ಬೆರೆಸಬೇಕು ಎಂದು ಜಗಳಕ್ಕೆ ನಿಲ್ಲುವುದು ಇನ್ನೊಂದು.

ಒಂದು ಲೆಕ್ಕ ನೋಡೋಣ. 1 ಕಿಲೋ 200 ಗ್ರಾಂ ತೂಗುವ ಮಗು. ಅದು ಚೇತರಿಸಿಕೊಂಡು ಪೂರ್ಣ ಪ್ರಮಾಣದಲ್ಲಿ ಹಾಲು ಕುಡಿಯತೊಡಗಿದಾಗ ಕಿಲೋ ತೂಕಕ್ಕೆ ದಿನಕ್ಕೆ ಸುಮಾರು 160 ಮಿ.ಲೀ. ಎಂದಿಟ್ಟುಕೊಂಡರೆ ಒಟ್ಟು 192 ಮಿ.ಲೀ. ಆಗುತ್ತದೆ. ಎರಡು ಗಂಟೆಗೊಮ್ಮೆಯಂತೆ ಹನ್ನೆರಡು ಸಲ ಕೊಟ್ಟರೆ ಸಲಕ್ಕೆ 16 ಮಿ.ಲೀ. ಕಾಫಿ ಲೋಟದ ತಳ ಮುಚ್ಚುವಷ್ಟು ಅಷ್ಟೇ. ಇನ್ನು ಪ್ರೋಟೀನು. ಬೆಳೆಯಲು ಈ ಮಗುವಿಗೆ ಕಿಲೋಗೆ ಕನಿಷ್ಠ ಮೂರೂವರೆ ಗ್ರಾಂ, ಅಂದರೆ ದಿನಕ್ಕೆ 4.2 ಗ್ರಾಂ ಬೇಕು. ಕೆಲವು ವಾರ ಕಳೆದ ಮೇಲೆ ಬರುವ ತಾಯಿಹಾಲಿನಲ್ಲಿ 100 ಮಿ.ಲೀ.ಗೆ 1.2 ಗ್ರಾಂ ಪ್ರೋಟೀನು ಇದೆಯೆಂದರೆ 192 ಮಿ.ಲೀ.ಯಲ್ಲಿ ಸಿಗುವುದು 2.3 ಗ್ರಾಂ ಮಾತ್ರ. ಬೇಕಾದುದರ ಅರ್ಧದಷ್ಟು. ಕ್ಯಾಲ್ಸಿಯಂ, ರಂಜಕಗಳ ಕಥೆಯೂ ಇದೇ. ಹೆಚ್ಚು ಹಾಲು ಕೊಟ್ಟು ಸರಿದೂಗಿಸೋಣವೆಂದರೆ ಆ ಪುಟ್ಟ ಹೊಟ್ಟೆ ಹಿಡಿಯಲಾರದು.

ಆದ್ದರಿಂದ ತೀರ ಕಡಿಮೆ ತೂಕದ ಮಕ್ಕಳಿಗೆ ತಾಯಿಯ ಹಾಲಿಗೇ ಬಲವರ್ಧಕ ಪುಡಿಯನ್ನು ಅಳತೆಯಂತೆ ಬೆರೆಸಿ ಕೊಡಲು ವೈದ್ಯರು ಹೇಳುವುದುಂಟು. ಇದು ಅಂಗಡಿಯಲ್ಲಿ ಸಿಗುವ ಡಬ್ಬಿ ಹಾಲಲ್ಲ. ತಾಯಿಹಾಲಿಗೆ ಬದಲಾಗಿ ಕೊಡುವುದೂ ಅಲ್ಲ, ತಾಯಿಹಾಲಿನ ಜೊತೆಗೆ ಕೊಡುವುದು. ವೈದ್ಯರು ಬರೆದುಕೊಟ್ಟ ಮಗುವಿಗೆ, ಬರೆದಷ್ಟು ದಿನ, ಬರೆದಷ್ಟೇ ಅಳತೆ. ಪಕ್ಕದ ಮನೆಯ ಮಗುವಿಗೆ ಒಪ್ಪಿತೆಂದು ತಾವೇ ತಂದು ಬೆರೆಸತಕ್ಕದ್ದಲ್ಲ. 34 ವಾರ ದಾಟಿ, ಎರಡು ಕಿಲೋ ಆಸುಪಾಸಿನ ತೂಕದಲ್ಲಿ ಹುಟ್ಟಿದ ಹೆಚ್ಚಿನ ಮಕ್ಕಳಿಗೆ ಇದರ ಅಗತ್ಯವೇ ಬೀಳುವುದಿಲ್ಲ.

ಟ್ಯೂಬು, ಒಳಲೆ, ಎದೆ

ಕುಡಿಸುವ ಬಗೆಯಲ್ಲಿ ಮೂರು ಮೆಟ್ಟಿಲುಗಳು. ಸಾಮಾನ್ಯವಾಗಿ 32 ವಾರಕ್ಕಿಂತ ಮೊದಲು ಟ್ಯೂಬು. 32ರಿಂದ 34ರವರೆಗೆ ಒಳಲೆ ಅಥವಾ ಚಮಚೆ. ಆ ಮೇಲೆ ನೇರವಾಗಿ ತಾಯಿಯ ಎದೆ. ಇದು ಅಂದಾಜು ಮಾತ್ರ. ಒಂದೊಂದು ಮಗುವಿನ ಶಕ್ತಿ ಒಂದೊಂದು ಬಗೆ.

ನಮ್ಮ ಅಜ್ಜಿಯರು ಮಕ್ಕಳಿಗೆ ಹಾಲು, ಔಷಧ ಕುಡಿಸುತ್ತಿದ್ದ, ಕೊಕ್ಕಿನಂಥ ಮೂತಿಯ ಪುಟ್ಟ ಬೆಳ್ಳಿಯ ಒಳಲೆಯನ್ನು ನೀವು ನೋಡಿರಬಹುದು. ಇಂದು ದೊಡ್ಡ ಆಸ್ಪತ್ರೆಗಳ ಶಿಶು ಘಟಕಗಳಲ್ಲಿಯೂ ಅದೇ ಒಳಲೆ ಸ್ಟೀಲಿನ ರೂಪದಲ್ಲಿ ಕೆಲಸ ಮಾಡುತ್ತಿದೆ. ಬಾಟಲಿಗಿಂತ ಅದನ್ನು ತೊಳೆದು ಕುದಿಸುವುದು ಸುಲಭ. ಬಾಟಲಿಯ ರಬ್ಬರಿಗೆ ಒಗ್ಗಿದ ಮಗು ಮುಂದೆ ತಾಯಿಯ ಎದೆ ಹಿಡಿಯಲು ತಕರಾರು ಮಾಡಬಹುದು. ಒಳಲೆಯಲ್ಲಿ ಆ ಭಯ ಕಡಿಮೆ. ಮಗು ಎಚ್ಚರವಾಗಿರುವಾಗ ತಲೆ ಎತ್ತರವಾಗುವಂತೆ ತೋಳಿನ ಮೇಲೆ ಒರಗಿಸಿಕೊಳ್ಳಬೇಕು. ಒಳಲೆಯ ತುದಿಯನ್ನು ಕೆಳತುಟಿಯ ಮೂಲೆಗೆ ತಾಗಿಸಿ, ಹಾಲು ತುಟಿಗೆ ಮುಟ್ಟುವಷ್ಟು ಬಾಗಿಸಬೇಕು. ಮಗು ನುಂಗಿದ ಮೇಲೆ ಮುಂದಿನ ತೊಟ್ಟು. ಗಂಟಲಿಗೆ ಸುರಿಯಬಾರದು, ಮೂಗು ಹಿಡಿಯಬಾರದು, ಅಳುವಾಗ ಕುಡಿಸಬಾರದು. ಆಸ್ಪತ್ರೆಯ ಸಿಸ್ಟರ್ ಮುಂದೆ ನಾಲ್ಕು ಸಲ ಮಾಡಿ ತೋರಿಸಿ ಕಲಿತ ಮೇಲೆಯೇ ಮನೆಯಲ್ಲಿ ಮಾಡಬೇಕು.

ಕುಡಿಯುವಾಗ ಮಗು ನೀಲಿಗಟ್ಟಿದರೆ, ಉಸಿರು ನಿಂತು ನಿಂತು ಬಂದರೆ, ಹಸಿರು ವಾಂತಿಯಾದರೆ, ಹೊಟ್ಟೆ ಬಿಗಿದು ಉಬ್ಬಿದರೆ, ಮಲದಲ್ಲಿ ರಕ್ತ ಕಂಡರೆ, ಮೈ ತಣ್ಣಗಾಗಿ ಮಗು ಸಪ್ಪಗಾದರೆ ಹಾಲು ನಿಲ್ಲಿಸಿ ಆ ಕ್ಷಣವೇ ಆಸ್ಪತ್ರೆಗೆ ಒಯ್ಯಬೇಕು. ಬೆಳಗಾಗಲಿ ಎಂದು ಕಾಯುವ ವಿಷಯವಲ್ಲ.

ಹನಿಗೂಡಿದರೆ ಹಳ್ಳ

ಮಗು ಗಾಜಿನ ಪೆಟ್ಟಿಗೆಯಲ್ಲಿ, ತಾಯಿ ಬೇರೆ ವಾರ್ಡಿನಲ್ಲಿ. ಚೀಪುವ ಬಾಯಿಲ್ಲದ ಎದೆಯಲ್ಲಿ ಹಾಲು ತಾನಾಗಿ ಹೇಗೆ ಉಳಿದೀತು? ಹಾಲು ತೆಗೆದಷ್ಟೂ ಹಾಲು ಊರುತ್ತದೆ, ತೆಗೆಯದಿದ್ದರೆ ಬತ್ತುತ್ತದೆ. ಇದು ಬಾವಿಯ ನಿಯಮ. ಹೆರಿಗೆಯಾದ ಕೆಲವೇ ಗಂಟೆಗಳಲ್ಲಿ ಕೈಯಿಂದ ಹಾಲು ಹಿಂಡಲು ಆರಂಭಿಸಬೇಕು. ದಿನಕ್ಕೆ 8ರಿಂದ 12 ಸಲ, ರಾತ್ರಿಯೂ ಬಿಡದೆ. ಕೈಗಳನ್ನು ಸೋಪಿನಿಂದ ತೊಳೆದು, ಕುದಿಸಿ ಆರಿಸಿದ ಅಗಲ ಬಾಯಿಯ ಸ್ಟೀಲು ಬಟ್ಟಲಿಗೆ ಹಿಂಡಬೇಕು. ಮೊದಲ ದಿನ ಹನಿಗಳು, ನಾಲ್ಕನೆಯ ದಿನ ಚಮಚೆಗಳು, ಎರಡನೆಯ ವಾರ ಲೋಟ. ಹನಿಗೂಡಿದರೆ ಹಳ್ಳ ಎಂಬ ಗಾದೆ ಇಲ್ಲಿ ಅಕ್ಷರಶಃ ಸತ್ಯ.

ಹಿಂಡಿದ ಹಾಲನ್ನು ಮುಚ್ಚಿ ತಂಪಾದ ಜಾಗದಲ್ಲಿಟ್ಟರೆ 4 ಗಂಟೆ, ಫ್ರಿಜ್ಜಿನ ಒಳಭಾಗದಲ್ಲಿ 24 ಗಂಟೆ ಇಡಬಹುದು. ಕುದಿಸಬಾರದು. ಬಿಸಿನೀರಿನ ಪಾತ್ರೆಯಲ್ಲಿ ಬಟ್ಟಲನ್ನಿಟ್ಟು ಬೆಚ್ಚಗೆ ಮಾಡಿದರೆ ಸಾಕು. ಮಗು ಕುಡಿದು ಉಳಿದದ್ದನ್ನು ಮತ್ತೆ ಇಡಬಾರದು.

ಈ ಹಾಲು ಊರುವುದು ಬಾಣಂತಿಯ ಊಟದಿಂದ, ನಿದ್ದೆಯಿಂದ, ನೆಮ್ಮದಿಯಿಂದ. ಹಾಲೂಡಿಸುವ ತಾಯಿಗೆ ಮೊದಲ ಆರು ತಿಂಗಳು ದಿನಕ್ಕೆ ಸುಮಾರು 600 ಕ್ಯಾಲರಿ ಹೆಚ್ಚು ಆಹಾರ ಬೇಕೆಂದು ನಮ್ಮ ರಾಷ್ಟ್ರೀಯ ಪೋಷಣಾ ಸಂಸ್ಥೆ ಹೇಳುತ್ತದೆ. ಇದು ಇನ್ನೊಂದು ಹೊತ್ತಿನ ಊಟಕ್ಕೆ ಸಮ. ರಾಗಿ, ಬೇಳೆ, ಸೊಪ್ಪು, ಮೊಟ್ಟೆ, ಮೀನು, ಹಾಲು ಎಲ್ಲವೂ ಸಲ್ಲುತ್ತವೆ. ಹಸಿ ಬಾಣಂತಿಗೆ ನೀರು ಕೊಡಬಾರದು, ಸೊಪ್ಪು ಕೊಡಬಾರದು, ಒಂದೇ ಹೊತ್ತು ಉಣ್ಣಿಸಬೇಕು ಎಂಬ ಪಥ್ಯಗಳಿಗೆ ಆಧಾರವಿಲ್ಲ. ಬಾಯಾರಿದ ತಾಯಿಗೆ ನೀರು ಕೊಡದೆ ಹಾಲು ಬರಲಿಲ್ಲವೆಂದು ದೂರುವುದು ಯಾವ ನ್ಯಾಯ?

ಇಲ್ಲಿ ಅತ್ತೆಯಂದಿರಲ್ಲಿ, ಗಂಡಂದಿರಲ್ಲಿ ಒಂದು ಬಿನ್ನಹ. ದಿನ ತುಂಬುವ ಮೊದಲೇ ಹೆತ್ತ ತಾಯಿ ಆಗಲೇ ತನ್ನನ್ನು ತಾನೇ ಅಪರಾಧಿಯೆಂದು ಭಾವಿಸಿರುತ್ತಾಳೆ. ಭಾರ ಎತ್ತಿದೆನೇ, ಬಸ್ಸಿನಲ್ಲಿ ಓಡಾಡಿದೆನೇ, ಏನು ಪಾಪ ಮಾಡಿದೆನೋ ಎಂದು ರಾತ್ರಿಯೆಲ್ಲ ಕೊರಗುತ್ತಾಳೆ. ರಕ್ತದೊತ್ತಡ, ಸೋಂಕು, ಅವಳಿ ಗರ್ಭ ಹೀಗೆ ಕಾರಣಗಳು ಹಲವು. ಎಷ್ಟೋ ಸಲ ಕಾರಣವೇ ಗೊತ್ತಾಗುವುದಿಲ್ಲ. ಇದು ದೇವರ ಶಿಕ್ಷೆಯಲ್ಲ. ಹುಟ್ಟು ಕುರುಡನನ್ನು ತೋರಿಸಿ ಯಾರ ಪಾಪದ ಫಲ ಇದು ಎಂದು ಶಿಷ್ಯರು ಕೇಳಿದಾಗ ಯೇಸುಸ್ವಾಮಿ ಆ ಪ್ರಶ್ನೆಯನ್ನೇ ತಳ್ಳಿಹಾಕಿದರು. ನಾವು ಅದನ್ನು ಮತ್ತೆ ಎತ್ತಿಕೊಂಡು ಬಾಣಂತಿಯ ತಲೆಗೆ ಕಟ್ಟುವುದು ಬೇಡ. ಅವಳ ಪಕ್ಕ ಕುಳಿತು, ಬಟ್ಟಲು ತೊಳೆದುಕೊಟ್ಟು, ಐದು ಮಿ.ಲೀ. ಬಂತೇ, ಬಹಳ ಒಳ್ಳೆಯದಮ್ಮ ಎಂದು ಹೇಳುವ ಅತ್ತೆಯೇ ಆ ಮಗುವಿಗೆ ನಿಜವಾದ ಅಜ್ಜಿ.

ಎದೆಗವಚಿಕೊಳ್ಳುವ ಆರೈಕೆ

ಇಂಥ ಮಕ್ಕಳು ಬದುಕುವುದು ಮೂರರಿಂದ: ಬಿಸುಪು, ಹಾಲು, ಸೋಂಕಿನಿಂದ ರಕ್ಷಣೆ. ಪ್ಯಾರಿಸ್ಸಿನ ವೈದ್ಯ ಪಿಯೆರ್ ಬುಡಾನ್ 1900ರಲ್ಲಿ ಪ್ರಕಟಿಸಿದ ತಮ್ಮ ಪುಸ್ತಕದಲ್ಲಿಯೇ ಈ ಮೂರಕ್ಕೆ ಒತ್ತು ಕೊಟ್ಟಿದ್ದರು. ತಾಯಂದಿರನ್ನು ಮಕ್ಕಳಿಂದ ದೂರವಿಡಬಾರದೆಂದೂ ಹೇಳಿದ್ದರು. ಆದರೆ ಮುಂದಿನ ಹಲವು ದಶಕ ಆಸ್ಪತ್ರೆಗಳು ಯಂತ್ರವನ್ನು ಹಿಡಿದು ತಾಯಿಯನ್ನು ಹೊರಗೆ ನಿಲ್ಲಿಸಿದವು.

1978ರಲ್ಲಿ ದಕ್ಷಿಣ ಅಮೆರಿಕದ ಕೊಲಂಬಿಯಾ ದೇಶದ ರಾಜಧಾನಿ ಬೊಗೊಟಾದಲ್ಲಿ ಎಡ್ಗರ್ ರೇ ಸನಾಬ್ರಿಯಾ ಎಂಬ ವೈದ್ಯರು, ಆ ಮೇಲೆ ಅವರ ಜೊತೆಗೂಡಿದ ಹೆಕ್ಟರ್ ಮಾರ್ಟಿನೆಸ್, ಒಂದು ಹೊಸ ದಾರಿ ಹಿಡಿದರು. ಇನ್ಕ್ಯುಬೇಟರುಗಳು ಸಾಲದೆ ಒಂದೊಂದರಲ್ಲಿ ಹಲವು ಮಕ್ಕಳನ್ನು ಮಲಗಿಸಬೇಕಾಗಿದ್ದ ಬಡ ಆಸ್ಪತ್ರೆ ಅದು. ಮಗುವನ್ನು ತಾಯಿಯ ಬರಿ ಎದೆಗೆ ನೆಟ್ಟಗೆ ಕಟ್ಟಿ, ಮೇಲೆ ಬಟ್ಟೆ ಹೊದಿಸಿದರು. ಮರಿಯನ್ನು ಚೀಲದಲ್ಲಿ ಹೊತ್ತು ತಿರುಗುವ ಕಾಂಗರೂ ಪ್ರಾಣಿಯಿಂದ ಈ ಆರೈಕೆಗೆ ಹೆಸರು ಬಂದಿತು. ಬಡತನದಿಂದ ಹುಟ್ಟಿದ ಈ ಉಪಾಯ ಇಂದು ಸಿರಿವಂತ ದೇಶಗಳಿಗೂ ಪಾಠವಾಗಿದೆ.

ಘಾನಾ, ಭಾರತ, ಮಲಾವಿ, ನೈಜೀರಿಯಾ, ಟಾಂಜಾನಿಯಾ ದೇಶಗಳ ಐದು ಆಸ್ಪತ್ರೆಗಳಲ್ಲಿ ನಡೆದ ಅಧ್ಯಯನವೊಂದರ ಫಲಿತಾಂಶ 2021ರಲ್ಲಿ ಪ್ರಕಟವಾಯಿತು. ನಮ್ಮ ದೇಶದ ಆಸ್ಪತ್ರೆ ದೆಹಲಿಯ ಸಫ್ದರ್‌ಜಂಗ್. ಒಂದು ಕಿಲೋನಿಂದ 1 ಕಿಲೋ 800 ಗ್ರಾಂ ಒಳಗಿನ ಮಕ್ಕಳನ್ನು, ಸ್ಥಿತಿ ಸುಧಾರಿಸಲೆಂದು ಕಾಯದೆ, ಹುಟ್ಟಿದ ಕೂಡಲೇ ಎದೆಗವಚಿಕೊಂಡು ಆರೈಕೆ ಮಾಡಲಾಯಿತು. ಕಾದು ಆರಂಭಿಸಿದ ಗುಂಪಿನಲ್ಲಿ ಮೊದಲ 28 ದಿನಗಳಲ್ಲಿ ನೂರಕ್ಕೆ 15.7 ಮಕ್ಕಳು ತೀರಿಕೊಂಡರೆ ಈ ಗುಂಪಿನಲ್ಲಿ ನೂರಕ್ಕೆ 12. ಅಂದರೆ ಸಾಯಬಹುದಾಗಿದ್ದ ನಾಲ್ಕು ಮಕ್ಕಳಲ್ಲಿ ಒಂದು ಉಳಿಯಿತು. ಅದರ ಬಳಿಕ, 2022ರಲ್ಲಿ, ವಿಶ್ವ ಆರೋಗ್ಯ ಸಂಸ್ಥೆ ದಿನಕ್ಕೆ 8ರಿಂದ 24 ಗಂಟೆಯವರೆಗೆ, ಆದಷ್ಟೂ ಹೆಚ್ಚು ಹೊತ್ತು, ಹೀಗೆ ಮಾಡಬೇಕೆಂದು ಸಲಹೆ ನೀಡಿತು.

ಪೋಷಣೆಗೂ ಇದಕ್ಕೂ ಏನು ಸಂಬಂಧವೆಂದು ಕೇಳಬಹುದು. ತಣ್ಣಗಾದ ಮಗು ತಾನು ಕುಡಿದ ಹಾಲನ್ನೆಲ್ಲ ಮೈ ಬಿಸಿ ಮಾಡಿಕೊಳ್ಳುವುದಕ್ಕೇ ಸುಡುತ್ತದೆ. ಬೆಚ್ಚಗಿರುವ ಮಗು ಅದೇ ಹಾಲಿನಿಂದ ಬೆಳೆಯುತ್ತದೆ. ಮಗು ಎದೆಯ ಮೇಲಿದ್ದರೆ ತಾಯಿಗೆ ಹಾಲೂ ಹೆಚ್ಚುತ್ತದೆ. ತಾಯಿ ಉಣ್ಣುವಾಗ, ನಿದ್ರಿಸುವಾಗ ತಂದೆ ಅಂಗಿ ಬಿಚ್ಚಿ ಮಗುವನ್ನು ಎದೆಗೆ ಹಾಕಿಕೊಳ್ಳಬಹುದು. ಇದು ಗಂಡಸಿನ ಕೆಲಸವಲ್ಲ ಎನ್ನುವವರು ಸಂತ ಜೋಸೆಫರನ್ನು ಒಮ್ಮೆ ನೆನೆಯಲಿ.

ಇನ್ನೊಬ್ಬ ತಾಯಿಯ ಹಾಲು

ಎಷ್ಟು ಪ್ರಯತ್ನಿಸಿದರೂ ಹಾಲು ಸಾಲದಿದ್ದರೆ, ತಾಯಿ ತೀವ್ರ ಕಾಯಿಲೆಯಿಂದ ಮಲಗಿದ್ದರೆ? ಆಗ ಹಾಲಿನ ಬ್ಯಾಂಕಿನಿಂದ ಬಂದ ದಾನದ ಹಾಲು ಡಬ್ಬಿ ಹಾಲಿಗಿಂತ ಮೇಲು. ಏಷ್ಯಾದ ಮೊದಲ ತಾಯಿಹಾಲಿನ ಬ್ಯಾಂಕನ್ನು ಡಾಕ್ಟರ್ ಅರ್ಮಿಡಾ ಫರ್ನಾಂಡಿಸ್ ಅವರು 1989ರಲ್ಲಿ ಮುಂಬೈಯ ಸಾಯನ್ ಆಸ್ಪತ್ರೆಯಲ್ಲಿ ಆರಂಭಿಸಿದರು. ನಮ್ಮ ರಾಜ್ಯದಲ್ಲಿ ಬೆಂಗಳೂರಿನ ವಾಣಿ ವಿಲಾಸ, ಮಂಗಳೂರಿನ ಲೇಡಿ ಗೋಷನ್ ಸರ್ಕಾರಿ ಆಸ್ಪತ್ರೆಗಳಲ್ಲಿ 2022ರಲ್ಲಿ ಇಂಥ ಬ್ಯಾಂಕುಗಳು ತೆರೆದವು. ದಾನಿ ತಾಯಂದಿರ ರಕ್ತವನ್ನು ಮೊದಲು ಪರೀಕ್ಷಿಸುತ್ತಾರೆ. ಹಾಲನ್ನು 62.5 ಡಿಗ್ರಿ ಶಾಖದಲ್ಲಿ 30 ನಿಮಿಷವಿಟ್ಟು ರೋಗಾಣುಗಳನ್ನು ಕೊಂದು ತಂಪಿನಲ್ಲಿಡುತ್ತಾರೆ. ಈ ಹಾಲು ಮಾರಾಟದ ಸರಕಲ್ಲ. ತಾಯಿಹಾಲನ್ನು ಮಾರುವುದಕ್ಕೆ ಅನುಮತಿಯಿಲ್ಲವೆಂದು ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ 2024ರಲ್ಲಿ ಮತ್ತೊಮ್ಮೆ ಎಚ್ಚರಿಸಿದೆ. ಪರೀಕ್ಷೆಯಿಲ್ಲದೆ ನೆರೆಮನೆಯವರಿಂದ ನೇರವಾಗಿ ತಂದು ಇಂಥ ನಾಜೂಕು ಮಗುವಿಗೆ ಕೊಡುವುದೂ ಸರಿಯಲ್ಲ.

ಯಾವ ಜಾತಿಯವಳೋ, ಯಾವ ಮತದವಳೋ, ಅವಳ ಹಾಲು ನಮ್ಮ ಮಗುವಿಗೆ ಬೇಡ ಎಂಬ ಮಾತು ಕ್ರೈಸ್ತರ ಬಾಯಲ್ಲಿಯೂ ಬರುವುದುಂಟು. ಹಾಲಿನಿಂದ ಜಾತಿಯೂ ಬರುವುದಿಲ್ಲ, ಗುಣವೂ ಬರುವುದಿಲ್ಲ. ರಕ್ತದಾನವನ್ನು ಒಪ್ಪಿದ ನಾವು ಹಾಲಿನ ದಾನವನ್ನು ನಿರಾಕರಿಸಲು ವಿಶ್ವಾಸದಲ್ಲಾಗಲಿ ನೀತಿಯಲ್ಲಾಗಲಿ ಯಾವ ಕಾರಣವೂ ಇಲ್ಲ. ತನ್ನ ಮಗುವಿಗೆ ಸಾಕಾಗಿ ಮಿಗುವಷ್ಟು ಹಾಲಿರುವ ತಾಯಿ ಅದನ್ನು ದಾನ ಮಾಡಿದರೆ ಅದು ಹಸಿದವರಿಗೆ ಅನ್ನ ಕೊಟ್ಟ ಪುಣ್ಯವೇ.

ಮನೆಗೆ ಬಂದ ಮೇಲೆ

ಮೊದಲ ವಾರ ಮಗುವಿನ ತೂಕ ಸ್ವಲ್ಪ ಇಳಿಯುತ್ತದೆ. ಸುಮಾರು ಎರಡು ವಾರದೊಳಗೆ ಹುಟ್ಟುತೂಕಕ್ಕೆ ಮರಳಬೇಕು. ಆ ಬಳಿಕ ಆಸ್ಪತ್ರೆಯಲ್ಲಿ ಕಿಲೋ ತೂಕಕ್ಕೆ ದಿನಕ್ಕೆ 15ರಿಂದ 20 ಗ್ರಾಂ ಏರಿಕೆಯನ್ನು ವೈದ್ಯರು ನಿರೀಕ್ಷಿಸುತ್ತಾರೆ. ಮನೆಗೆ ಬಂದ ಮೇಲೂ ಹೇಳಿದ ದಿನ ತಪ್ಪದೆ ತೂಕ ಮಾಡಿಸಬೇಕು. ಗರ್ಭದಲ್ಲಿ ಕೂಡಿಡಲಾಗದ ಕಬ್ಬಿಣವನ್ನು ಕೆಲವು ವಾರಗಳ ನಂತರ ಹನಿಗಳ ರೂಪದಲ್ಲಿ, ಡಿ ಜೀವಸತ್ವವನ್ನು ಹಾಗೆಯೇ, ಬೇಕಾದ ಮಕ್ಕಳಿಗೆ ಕ್ಯಾಲ್ಸಿಯಂ ಮತ್ತು ರಂಜಕವನ್ನು ವೈದ್ಯರು ಬರೆದುಕೊಡುತ್ತಾರೆ. ಮಗು ಚೆನ್ನಾಗಿದೆಯಲ್ಲ ಎಂದು ಬಾಟಲಿ ಮುಗಿದ ಮೇಲೆ ಬಿಟ್ಟುಬಿಡುವ ಮನೆಗಳೇ ಹೆಚ್ಚು. ಮಗುವಿನ ರಕ್ತಹೀನತೆ ಆರಂಭವಾಗುವುದು ಅಲ್ಲಿಂದಲೇ.

ಕೊಡಬಾರದ ವಸ್ತುಗಳ ಪಟ್ಟಿಯನ್ನು ಅಡಿಗೆಮನೆಯ ಗೋಡೆಗೆ ಅಂಟಿಸಿದರೂ ತಪ್ಪಿಲ್ಲ: ಜೇನು, ಸಕ್ಕರೆ ನೀರು, ಹರಳೆಣ್ಣೆ, ತೇಯ್ದ ಬಜೆ, ಗ್ರೈಪ್ ವಾಟರ್, ಹಸುವಿನ ಹಾಲು. ಜೇನಿನಲ್ಲಿರಬಹುದಾದ ಒಂದು ರೋಗಾಣು ಒಂದು ವರ್ಷದೊಳಗಿನ ಮಗುವನ್ನು ಪಾರ್ಶ್ವವಾಯುವಿನಂತೆ ಬಡಿಯಬಲ್ಲದು. ಡಬ್ಬಿ ಹಾಲಿನ ಜಾಹೀರಾತನ್ನೇ ನಮ್ಮ ದೇಶದ 1992ರ ಕಾನೂನು ನಿಷೇಧಿಸಿದೆ. ವೈದ್ಯರು ಬೇರೆ ದಾರಿಯಿಲ್ಲವೆಂದು ಬರೆದುಕೊಟ್ಟರೆ ಮಾತ್ರ, ಅವರು ಹೇಳಿದ ಅಳತೆಯಲ್ಲಿ ಅದನ್ನು ಕೊಡಬೇಕು. ಉಳಿಸಲೆಂದು ನೀರು ಹೆಚ್ಚಿಸುವುದು ಮಗುವನ್ನು ಉಪವಾಸ ಕೆಡವಿದಂತೆ.

ಮಗುವಿನ ವಯಸ್ಸನ್ನು ಎರಡು ರೀತಿ ಎಣಿಸಬೇಕು. 32 ವಾರಕ್ಕೆ ಹುಟ್ಟಿದ ಮಗು ಎಂಟು ವಾರ ಮುಂಚೆ ಬಂದಿದೆ. ಕ್ಯಾಲೆಂಡರಿನಲ್ಲಿ ಅದಕ್ಕೆ ಆರು ತಿಂಗಳಾದಾಗ ಬೆಳವಣಿಗೆಯ ಲೆಕ್ಕದಲ್ಲಿ ಸುಮಾರು ನಾಲ್ಕು ತಿಂಗಳು. ಕತ್ತು ನಿಲ್ಲಲಿಲ್ಲ, ಮಗುಚಲಿಲ್ಲ ಎಂದು ಅವಸರಪಡುವ ಮೊದಲು ಈ ಲೆಕ್ಕ ಹಾಕಿ. ರಾಗಿ ಸರಿ, ಅನ್ನದ ಗಂಜಿ ಯಾವಾಗ ಆರಂಭಿಸಬೇಕೆಂಬುದನ್ನೂ ಇದನ್ನು ನೋಡಿಯೇ ವೈದ್ಯರು ಹೇಳುತ್ತಾರೆ. ಲಸಿಕೆಗಳು ಮಾತ್ರ ಸಾಮಾನ್ಯವಾಗಿ ಕ್ಯಾಲೆಂಡರಿನ ವಯಸ್ಸಿನಂತೆಯೇ.

ಖರ್ಚಿನ ಭಯದಿಂದ ಅರ್ಧದಲ್ಲೇ ಮಗುವನ್ನು ಮನೆಗೆ ಕರೆತರುವವರಿದ್ದಾರೆ. ಜಿಲ್ಲಾ ಆಸ್ಪತ್ರೆಗಳಲ್ಲಿ ನವಜಾತ ಶಿಶುಗಳ ವಿಶೇಷ ಘಟಕಗಳಿವೆ. 2011ರಲ್ಲಿ ಆರಂಭವಾದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಂತೆ ಸರ್ಕಾರಿ ಆಸ್ಪತ್ರೆಯಲ್ಲಿ ಕಾಯಿಲೆಯ ಶಿಶುವಿನ ಚಿಕಿತ್ಸೆ, ಔಷಧ, ಸಾಗಣೆ ಉಚಿತ. ಮೊದಲು 30 ದಿನಗಳಿಗೆ ಇದ್ದ ಈ ಸೌಲಭ್ಯವನ್ನು 2014ರಲ್ಲಿ ಒಂದು ವರ್ಷದವರೆಗೆ ವಿಸ್ತರಿಸಲಾಯಿತು. ಮೊದಲ 42 ದಿನಗಳಲ್ಲಿ ಆಶಾ ಕಾರ್ಯಕರ್ತೆ ಮನೆಗೆ ಬಂದು ಮಗುವನ್ನು ನೋಡಬೇಕು. ಬಂದಾಗ ಬಾಗಿಲಲ್ಲೇ ಕಳಿಸಬೇಡಿ. ಹೆಣ್ಣು ಮಗು, ಅದೂ ಇಷ್ಟು ಚಿಕ್ಕದು, ಯಾಕೆ ಇಷ್ಟು ಖರ್ಚು ಎಂದು ಮನಸ್ಸಿನಲ್ಲಿಯೂ ಎಣಿಸುವುದು ಬೇಡ. ಜೀವಕ್ಕೆ ಹೆಣ್ಣು ಗಂಡೆಂಬ ತಕ್ಕಡಿಯಿಲ್ಲ.

ಒಂದು ಪ್ರಶ್ನೆಗೆ ಉತ್ತರ

ಇಂಥ ಮಗುವಿಗೆ ಕೂಡಲೇ ಜ್ಞಾನಸ್ನಾನ ಕೊಡಿಸಬೇಕೇ ಎಂದು ಹಲವರು ಕೇಳುತ್ತಾರೆ. ಪ್ರಾಣಾಪಾಯವಿದ್ದರೆ ತಡಮಾಡಬಾರದೆಂಬುದೇ ಧರ್ಮಸಭೆಯ ಕಾನೂನು. ಗುರುಗಳು ಬರುವಷ್ಟು ಸಮಯವಿಲ್ಲದಿದ್ದರೆ ಸರಿಯಾದ ಉದ್ದೇಶವಿರುವ ಯಾರು ಬೇಕಾದರೂ, ಆಸ್ಪತ್ರೆಯ ಸಿಸ್ಟರ್ ಕೂಡ, ಪಿತ, ಸುತ, ಪವಿತ್ರಾತ್ಮರ ಹೆಸರಿನಲ್ಲಿ ಮಗುವಿನ ತಲೆಯ ಮೇಲೆ ನೀರು ಹರಿಸಿ ಕೊಡಬಹುದು. ಘಟಕದವರನ್ನು ಕೇಳಿ, ಅವರು ಕೊಡುವ ಶುದ್ಧ ಬೆಚ್ಚಗಿನ ನೀರನ್ನು ಸ್ವಲ್ಪವೇ ಬಳಸಿ, ಕೂಡಲೇ ಒರೆಸಿ. ಆ ಬಳಿಕ ಧರ್ಮಕೇಂದ್ರಕ್ಕೆ ತಿಳಿಸಿ. ಆದರೆ ಜ್ಞಾನಸ್ನಾನವಾಯಿತು, ಇನ್ನು ದೇವರ ಚಿತ್ತ ಎಂದು ಚಿಕಿತ್ಸೆಯಲ್ಲಿ ಕೈಚೆಲ್ಲಬಾರದು. ಎರಡು ಗಂಟೆಗೊಮ್ಮೆ ಆ 16 ಮಿ.ಲೀ. ಹಾಲನ್ನು ತಪ್ಪದೆ ಕೊಡುವುದೂ ದೇವರ ಚಿತ್ತವೇ.

ಕುಟುಂಬದಲ್ಲಿ, ಕಿರು ಸಮುದಾಯದಲ್ಲಿ ಚರ್ಚಿಸಲು

1. ನಮ್ಮ ಮನೆಯ ಬಾಣಂತನದ ಪದ್ಧತಿಗಳಲ್ಲಿ ತಾಯಿಗೆ, ಮಗುವಿಗೆ ಒಳ್ಳೆಯದು ಯಾವುದು, ಬಿಡಬೇಕಾದದ್ದು ಯಾವುದು?

2. ಮಗು ಆಸ್ಪತ್ರೆಯಲ್ಲಿರುವ ವಾರಗಳಲ್ಲಿ ಆ ಮನೆಯ ದೊಡ್ಡ ಮಕ್ಕಳಿಗೆ ಊಟ, ತಾಯಿಗೆ ಬುತ್ತಿ, ತಂದೆಗೆ ಬಸ್ಸಿನ ಖರ್ಚು ಇವುಗಳಲ್ಲಿ ನಮ್ಮ ವಾರ್ಡಿನವರು ಯಾವುದನ್ನು ಹೊರಬಲ್ಲರು?

3. ನಮ್ಮಲ್ಲಿ ಹಾಲು ದಾನ ಮಾಡಬಲ್ಲ ತಾಯಂದಿರಿದ್ದರೆ, ಹತ್ತಿರದ ಬ್ಯಾಂಕಿನ ವಿವರವನ್ನು ಯಾರು ವಿಚಾರಿಸಿ ತಿಳಿಸುತ್ತೀರಿ?

ಮೂರನೆಯ ಪ್ರಶ್ನೆಗೆ ಒಬ್ಬರ ಹೆಸರನ್ನು ಬರೆದುಕೊಂಡೇ ಸಭೆ ಮುಗಿಸಿ.